ಆರನೇ ಕ್ಲಾಸಿಗೊಂದು ಮಿಲಿಟರಿ ಲ್ಯಾಪ್‌ಟಾಪ್

ಜೂನ್ ಬಂತೆಂದರೆ ಮುಂಬೈಯ ಕನ್ನಡ ಮನೆಗಳಲ್ಲಿ ರೇನ್‌ಕೋಟು, ಪ್ಲಾಸ್ಟಿಕ್ ಚಪ್ಪಲಿ, ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರು ಬರುತ್ತಿದ್ದವು. ಈಗ ಪಟ್ಟಿಗೆ ಲ್ಯಾಪ್‌ಟಾಪೂ ಸೇರಿದೆ. ‘ಬಾಳಿಕೆ ಬರುವಂಥದ್ದು ಇರಲಿ’ ಎಂದಷ್ಟೇ ಶಾಲೆಯ ಸುತ್ತೋಲೆ ಹೇಳುತ್ತದೆ. ಡೊಂಬಿವಲಿಯ ಅಪ್ಪ ಅದನ್ನು ಹಿಡಿದುಕೊಂಡು ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗುತ್ತಾರೆ. ಅಂಗಡಿಯವನು ಸ್ಟಿಕರಿನ ಮೇಲೆ ಬೆರಳಿಟ್ಟು ‘ಸೇಠ್, ಮಿಲಿಟರಿ ಗ್ರೇಡ್!’ ಅನ್ನುತ್ತಾನೆ. ಅಲ್ಲಿಗೆ ವ್ಯಾಪಾರ ಕುದುರಿತು. ಹದಿಮೂರರ ಮಗ್ಗಿಯಲ್ಲಿ ಇನ್ನೂ ತಡವರಿಸುವ ಹುಡುಗಿ ಸಿಯಾಚಿನ್‌ಗೆ ಹೊರಡಲು ಸಿದ್ಧ.

ಆ ಸ್ಟಿಕರಿನಲ್ಲಿರುವುದು ಮಿಲ್-ಎಸ್‌ಟಿಡಿ-810ಎಚ್. ಅದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ಕೈಪಿಡಿಯ 2019ರ ಆವೃತ್ತಿ. ಶಾಖ, ಚಳಿ, ತೇವ, ಮರಳು, ಉಪ್ಪುಮಂಜು, ಬೂಷ್ಟು, ಅದುರುವುದು, ಬೀಳುವುದು ಹೀಗೆ ಹಲವು ಪರೀಕ್ಷೆಗಳಿವೆ. ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದು ಕಂಪನಿಯ ಇಷ್ಟ. ಪಾಸಾಯಿತೆಂದು ಮುದ್ರೆ ಒತ್ತುವ ಕರ್ನಲ್ ಯಾರೂ ಇಲ್ಲ. ಬೇಕಾದ ಪ್ರಶ್ನೆ ಆರಿಸಿಕೊಂಡು, ತಾನೇ ಉತ್ತರ ಬರೆದು, ತಾನೇ ಅಂಕ ಹಾಕಿಕೊಂಡು ಮನೆಗೆ ಬಂದ ಹುಡುಗನ ಪ್ರೋಗ್ರೆಸ್ ಕಾರ್ಡಿನ ಹಾಗೆ.

ಬೀಳಿಸುವ ಪರೀಕ್ಷೆಯಂತೂ ಸೊಗಸು. 122 ಸೆಂ.ಮೀ. ಎತ್ತರದಿಂದ 26 ಸಲ ಬೀಳಿಸಬೇಕು: ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಆದರೆ ಈ 26 ಪೆಟ್ಟನ್ನು ಐದು ಯಂತ್ರಗಳವರೆಗೆ ಹಂಚಿಕೊಳ್ಳಲು ಅವಕಾಶವಿದೆ. ಹಲವರು ಬೀಳಿಸುವುದು ಕಾಂಕ್ರೀಟಿನ ಮೇಲೆ ಹಾಸಿದ ಎರಡು ಅಂಗುಲದ ಪ್ಲೈವುಡ್ ಮೇಲೆ, ಅದೂ ಯಂತ್ರ ಆಫ್ ಆಗಿರುವಾಗ. ಆದ್ದರಿಂದ ಮಗುವಿಗೆ ಐದು ಲ್ಯಾಪ್‌ಟಾಪ್ ಕೊಡಿಸಿ, ಸರದಿಯಂತೆ ಬೀಳಿಸಲು ಕಲಿಸಿ, ಚಾಳಿನ ಶಹಾಬಾದಿ ಕಲ್ಲಿನ ಮೇಲೆ ಪ್ಲೈವುಡ್ ಬಡಿಸಿ. ಸೇನೆಯ ದರ್ಜೆ ಉಳಿಯುತ್ತದೆ. ಎತ್ತರದ ಜಾಗದ ಗಾಳಿಯೊತ್ತಡದಲ್ಲೂ ಪಾಸು ಎಂಬ ಹೆಮ್ಮೆ ಬೇರೆ. ನಮ್ಮ ಮಕ್ಕಳು ಹತ್ತುವ ಶಿಖರ ದಾದರಿನ ಬ್ರಿಜ್ಜು. ಕೇಳಬೇಕಾದದ್ದು ಉಪ್ಪುಗಾಳಿಯ ಪರೀಕ್ಷೆ ಆಗಿದೆಯೇ ಎಂದು. ಅದನ್ನು ಕೇಳಿದರೆ ಅಂಗಡಿಯವನು ಚಹಾ ತರಿಸುತ್ತಾನೆ.

ಜೂನಿಯರ್ ಕಾಲೇಜಿನ ಹುಡುಗನಾದರೆ ಲೋಕಲ್ ರೈಲು ಇದೆ. ರೈಲ್ವೆಯವರೇ ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಎಂದು ಹೆಸರಿಟ್ಟ ಸ್ಥಿತಿಯಲ್ಲಿ ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಂತಿರುತ್ತಾರೆ. ಆ ಒತ್ತಡಕ್ಕೆ ಪೆಂಟಗನ್ ಇನ್ನೂ ಪರೀಕ್ಷೆ ಬರೆದಿಲ್ಲ. ಅಲ್ಲಿ ಸ್ಕ್ರೀನ್ ಒಡೆಯುವುದು ಬಿದ್ದಲ್ಲ, ಒತ್ತಿ: ಬ್ಯಾಗಿನೊಳಗೆ ಮುಚ್ಚಳಕ್ಕೆ ತಾಗಿಕೊಂಡ ಅಡಾಪ್ಟರು, ಕೀಬೋರ್ಡಿನ ಮೇಲೆ ಮರೆತು ಮುಚ್ಚಿದ ಪೆನ್ಸಿಲ್ ತುಂಡು. ಅಡಾಪ್ಟರನ್ನು ಹೊರಗಿನ ಜೇಬಿಗೆ ಹಾಕಿ, ಬ್ಯಾಗನ್ನು ಎದೆಗೆ ತೂಗಿಸಿ, ಮುಚ್ಚಳ ಮೈಕಡೆಗಿರಲಿ.

ತೂಕದ ಲೆಕ್ಕ ಇನ್ನೂ ಚೆನ್ನ. ಶಾಲಾ ಬ್ಯಾಗ್ ನೀತಿ 2020ರ ಪ್ರಕಾರ ಬ್ಯಾಗು ಮಗುವಿನ ತೂಕದ ಶೇ. 10 ದಾಟಬಾರದು. ಮಗು 30 ಕೆ.ಜಿ., ಬ್ಯಾಗು 3 ಕೆ.ಜಿ. ‘ಮುಂದೆ ಇಂಜಿನಿಯರಿಂಗಿಗೂ ಆಗುತ್ತೆ ಮಾರಾಯ್ರೆ’ ಎಂದು ಸೋದರಮಾವ ಆರಿಸಿದ ಗೇಮಿಂಗ್ ಲ್ಯಾಪ್‌ಟಾಪ್ 2.3 ಕೆ.ಜಿ., ಅದರ ಅಡಾಪ್ಟರು 0.6. ಉಳಿದ 100 ಗ್ರಾಮಿನಲ್ಲಿ ಗಣಿತ, ವಿಜ್ಞಾನ, ಮರಾಠಿ, ಟಿಫಿನ್ನು ಬರಬೇಕು. ಹೊರೆಯಿಲ್ಲದ ಶಿಕ್ಷಣ ಕೊನೆಗೂ ಬಂತು!

ಲ್ಯಾಪ್‌ಟಾಪ್ ಸಾಯುವುದು ಮುಚ್ಚಳ ತಿರುಗುವ ಕೀಲಿನಲ್ಲಿ, ಅಂದರೆ ಹಿಂಜ್‌ನಲ್ಲಿ. ಹಿಂಜಿನ ಉಕ್ಕಿನ ಪಟ್ಟಿಯನ್ನು ಅಗ್ಗದ ಮಾಡೆಲುಗಳಲ್ಲಿ ಪ್ಲಾಸ್ಟಿಕ್ಕಿಗೆ ಹುದುಗಿಸಿದ ಪುಟ್ಟ ಹಿತ್ತಾಳೆ ನಟ್ಟುಗಳಿಗೆ ತಿರುಪು ಹಾಕಿ ಕೂರಿಸಿರುತ್ತಾರೆ. ಮುಚ್ಚಳವನ್ನು ದಿನಾ ಒಂದೇ ಮೂಲೆ ಹಿಡಿದೆತ್ತಿದರೆ, ಅಥವಾ ಧೂಳು-ತುಕ್ಕಿಗೆ ಹಿಂಜ್ ಬಿಗಿಯಾದರೆ, ಆ ನಟ್ಟು ಪ್ಲಾಸ್ಟಿಕ್ ಸಮೇತ ಕಿತ್ತುಬರುತ್ತದೆ. ಚೌಕಟ್ಟು ಬಾಯಿ ಬಿಡುತ್ತದೆ. ಅರಾಲ್ಡೈಟ್ ಹಾಕುವ ಮೆಕ್ಯಾನಿಕ್ ಹಿಂಜನ್ನು ಸಡಿಲಿಸದೆ ಅಂಟಿಸಿದರೆ ಮುಂದಿನ ಸಲ ಪಕ್ಕದ ತಿರುಪು ಕೀಳುತ್ತದೆ. ಅಂಗಡಿಯಲ್ಲೇ ಮುಚ್ಚಳದ ನಡುವೆ ಹಿಡಿದು ಹತ್ತು ಸಲ ತೆರೆದು ಮುಚ್ಚಿ. ಕಿರುಗುಟ್ಟಬಾರದು, ಕೀಬೋರ್ಡಿನ ಪಕ್ಕದ ಪ್ಲಾಸ್ಟಿಕ್ ಉಬ್ಬಬಾರದು. ಮುಚ್ಚಳ 180 ಡಿಗ್ರಿ ಮಲಗಿದರೆ ಇನ್ನೂ ಒಳ್ಳೆಯದು; ಯಾರಾದರೂ ಹಿಂದಕ್ಕೆ ತಳ್ಳಿದಾಗ ಮುರಿಯುವ ಮಿತಿ ಬೇಗ ಬರುವುದಿಲ್ಲ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ, ಮಿಲಿಟರಿ ಗ್ರೇಡ್ ಅಂದವನು ಅವನೇ.

ಎರಡನೆಯದು ಚಾರ್ಜಿಂಗ್ ಪಿನ್ನು. ಅದು ಮದರ್‌ಬೋರ್ಡಿಗೇ ಬೆಸುಗೆಯಾಗಿದ್ದು ಸಡಿಲವಾದರೆ ಇಡೀ ಬೋರ್ಡ್ ಬಿಚ್ಚಬೇಕು. ಚಾರ್ಜ್ ಆಗುವ ಎರಡು ಯುಎಸ್‌ಬಿ-ಸಿ ಕಿಂಡಿಗಳಿದ್ದರೆ ಒಂದು ಕೆಟ್ಟರೂ ಪರೀಕ್ಷೆ ನಿಲ್ಲುವುದಿಲ್ಲ. ರ‍್ಯಾಮ್ ಎಂಬ ಮೆಮೊರಿ ಹೆಚ್ಚಿಗೆ ಹಾಕಲು ಖಾಲಿ ಜಾಗ ಇದೆಯೇ ಎಂದೂ ಕೇಳಿ. 8 ಜಿಬಿ ಬೋರ್ಡಿಗೇ ಬೆಸುಗೆಯಾಗಿ, ಖಾಲಿ ಜಾಗವೂ ಇಲ್ಲದಿದ್ದರೆ ಹತ್ತನೇ ಕ್ಲಾಸಿಗೆ ಮತ್ತೊಂದು ಕೊಳ್ಳಬೇಕಾದೀತು.

ನೀರಿನ ವಿಷಯ. ‘ಸ್ಪಿಲ್ ರೆಸಿಸ್ಟೆಂಟ್’ ಅಂದರೆ ಕೀಬೋರ್ಡಿನ ಮೇಲೆ ಸ್ವಲ್ಪ ಚೆಲ್ಲಿದರೆ ತಡೆಯುತ್ತದೆ ಎಂದಷ್ಟೇ. ಅದೇ ಬ್ಯಾಗಿನಲ್ಲಿ ಮುಚ್ಚಳ ಸರಿಯಾಗಿ ತಿರುಗಿಸದ 750 ಮಿ.ಲೀ. ಬಾಟಲಿಗೆ ಅದು ಅನ್ವಯಿಸದು. ನೆನೆದ ಮೇಲೆ ಮನೆಯಲ್ಲಿ ಅಕ್ಕಿ ಡಬ್ಬಿಯ ಚಿಕಿತ್ಸೆ ಶುರು, ಕುಚ್ಚಲಕ್ಕಿಯೋ ಸೋನಾಮಸೂರಿಯೋ ಎಂಬ ವಾದದೊಂದಿಗೆ. ಬೋರ್ಡಿನ ಚಿಪ್‌ಗಳಡಿ ನಿಂತ ನೀರನ್ನು ಯಾವ ಅಕ್ಕಿಯೂ ಎಳೆಯುವುದಿಲ್ಲ. ಅದರ ಪುಡಿ ಕಿಂಡಿಗೆ ಸೇರುತ್ತದೆ. ಚಾರ್ಜರ್ ಕೀಳಿ, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಆರಿಸಿ, ಕೀಬೋರ್ಡು ಕೆಳಮುಖವಾಗುವಂತೆ ಕವುಚಿ ಇಟ್ಟು, ಮತ್ತೆ ಆನ್ ಮಾಡದೆ, ಬೇಗ ಬಿಚ್ಚಿಸಿ ಬ್ಯಾಟರಿ ಕನೆಕ್ಟರ್ ತೆಗೆಸಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಸಿ.

ಕಂಪನಿ ಕಚೇರಿಗಳಿಂದ ಹೊರಬಿದ್ದ ಸೆಕೆಂಡ್‌ಹ್ಯಾಂಡ್ ಬಿಸಿನೆಸ್ ಲ್ಯಾಪ್‌ಟಾಪ್ ಹೆಚ್ಚಿನ ಶಾಲಾ ಮಕ್ಕಳಿಗೆ ಹೊಸ ಅಗ್ಗದ ಯಂತ್ರಕ್ಕಿಂತ ಗಟ್ಟಿ. ಬಿಡಿಭಾಗ ಸಿಗುತ್ತದೆ, ಬಿಚ್ಚುವ ಕೈಪಿಡಿ ಕಂಪನಿಯ ಸೈಟಿನಲ್ಲೇ ಇರುತ್ತದೆ. ಆದರೆ ಇಂಟೆಲ್ ಪ್ರೊಸೆಸರಿನ 6ನೇ, 7ನೇ ಜನರೇಶನ್ ಬೇಡ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿ ಬಹುತೇಕ 8ನೇ ಜನರೇಶನ್ನಿಂದ ಶುರು. ಬ್ಯಾಟರಿ ರಿಪೋರ್ಟ್ ತೆಗೆಸಿ, ‘ಡಿಸೈನ್ ಕೆಪಾಸಿಟಿ’ (ಹೊಸದಿದ್ದಾಗಿನ ಸಾಮರ್ಥ್ಯ) ಜತೆ ‘ಫುಲ್ ಚಾರ್ಜ್ ಕೆಪಾಸಿಟಿ’ (ಈಗ ಉಳಿದದ್ದು) ಹೋಲಿಸಿ, ಶೇ. 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ದುಡ್ಡು ಬೆಲೆಯಲ್ಲಿ ಕಳೆಯಿರಿ. ಇಷ್ಟಾದರೂ ಇದನ್ನು ಯಾರೂ ಕೊಳ್ಳುವುದಿಲ್ಲ. ಕೀಬೋರ್ಡಿನಲ್ಲಿ ಏಳು ಬಣ್ಣದ ದೀಪ ಇಲ್ಲವಲ್ಲ!

ಇನ್ನು ಮಿಲಿಟರಿ ಯಂತ್ರದ ವಾರಂಟಿ ಪುಸ್ತಕ. ಮುಚ್ಚಳದ ಸ್ಟಿಕರು ‘ಬಿದ್ದರೂ ಏನಾಗದು’ ಅನ್ನುತ್ತದೆ. ಪುಸ್ತಕದ ಸಣ್ಣಕ್ಷರ ‘ಬಿದ್ದು ಆದ ಹಾನಿ, ನೀರಿನ ಹಾನಿ ಸೇರಿಲ್ಲ’ ಅನ್ನುತ್ತದೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಕಳಿಸಲು ಧೈರ್ಯ ಬೇಕು. ಬೀಳುವ-ಚೆಲ್ಲುವ ಹಾನಿಗೆ ಆಕ್ಸಿಡೆಂಟಲ್ ಡ್ಯಾಮೇಜ್ ಕವರ್ ಬೇರೆಯೇ ಕೊಳ್ಳಬೇಕು, ಅದಕ್ಕೂ ಗಡುವಿರುತ್ತದೆ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಬಿಲ್ಲು ಥರ್ಮಲ್ ಕಾಗದದ್ದಾದರೆ ಅಂದೇ ಫೋಟೊ ತೆಗೆದಿಡಿ, ಅದರ ಅಕ್ಷರ ವಾರಂಟಿಗಿಂತ ಮೊದಲೇ ಮಾಸುತ್ತದೆ.