ಎಲ್ಲ ಆಫ್ ಮಾಡಿ, ಆ ಬಟನ್ ಒಂದು ಬಿಟ್ಟು

ಟಿವಿ ಅಂಗಡಿಯಲ್ಲಿ ಕಪ್ಪು ಬಣ್ಣ ಮಾರುವುದು ಭಾಳ ಕಷ್ಟ. ರಾಯಚೂರಿನ ಯಾವ ಶೋರೂಮಿಗೆ ಹೋದರೂ ಗೋಡೆ ತುಂಬ ಟಿವಿಗಳು ಒಂದಕ್ಕಿಂತ ಒಂದು ಜೋರಾಗಿ ಹೊಳೆಯುತ್ತಿರುತ್ತವೆ. ಹೆಚ್ಚಿದ ಕಲ್ಲಂಗಡಿ, ಬಣ್ಣದ ಮೀನು, ಯಾವುದೋ ದೇಶದ ಪಟಾಕಿ. ಮೇಲೆ ಸಾಲು ಸಾಲು ಬಲ್ಬು, ಎದುರಿಗೆ ಗಾಜಿನ ಬಾಗಿಲು, ಬಾಗಿಲಾಚೆ ನಮ್ಮ ಬಿಸಿಲು. ಇದರ ನಡುವೆ ಓಎಲ್‌ಇಡಿ ಟಿವಿಯೊಂದು ಸಪ್ಪೆ ಮುಖ ಮಾಡಿಕೊಂಡು ನಿಂತಿರುತ್ತದೆ. ಅದರಲ್ಲಿ ಚಿತ್ರಕ್ಕಿಂತ ಮಾರುವ ಹುಡುಗನ ನೆರಳೇ ಚೆನ್ನಾಗಿ ಕಾಣುತ್ತದೆ. ಬೆಲೆ ಮಾತ್ರ ಪಕ್ಕದ ಟಿವಿಗಿಂತ ಎಷ್ಟೋ ಜಾಸ್ತಿ. ‘ಇದರಾಗ ಅಂಥಾದ್ದು ಏನದ?’ ಅಂತ ಕೇಳಿದರೆ ಹುಡುಗ ತುಸು ಯೋಚಿಸಿ, ‘ಕಪ್ಪು ಭಾಳ ಕಪ್ಪು ಇರ್ತದ್ರೀ ಸರ್’ ಅನ್ನುತ್ತಾನೆ. ಲಕ್ಷದ ಹತ್ತಿರ ಹಣ ಕೇಳುವ ಸಾಮಾನಿಗೆ ಇದೆಂಥ ಹೊಗಳಿಕೆ ಅನ್ನಿಸುತ್ತದೆ.

ಆದರೆ ಹುಡುಗ ಹೇಳಿದ್ದು ನಿಜ. ಮಾಮೂಲಿ ಎಲ್‌ಇಡಿ ಟಿವಿಯಲ್ಲಿ ಪರದೆಯ ಹಿಂದೆ ದೀಪಗಳು ಉರಿಯುತ್ತಿರುತ್ತವೆ. ಮುಂದಿನ ಪದರ ಆ ಬೆಳಕನ್ನು ಬೇಕಾದ ಕಡೆ ಬಿಡುತ್ತದೆ, ಬೇಡದ ಕಡೆ ತಡೆಯುತ್ತದೆ. ಪೂರ್ತಿ ತಡೆಯಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ರಾತ್ರಿಯ ದೃಶ್ಯ ಬಂದಾಗ ಕಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಓಎಲ್‌ಇಡಿಯಲ್ಲಿ ಹಿಂದೆ ದೀಪವೇ ಇಲ್ಲ. 4ಕೆ ಪರದೆ ಅಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆ. ಗುಣಿಸಿದರೆ ಸುಮಾರು 83 ಲಕ್ಷ. ಒಂದೊಂದು ಚುಕ್ಕೆಯೂ ತಾನೇ ಹತ್ತಿಕೊಳ್ಳುತ್ತದೆ, ತಾನೇ ಆರುತ್ತದೆ. ಕಪ್ಪು ಬೇಕಾದ ಕಡೆ ಚುಕ್ಕೆ ಆರಿ ಕೂರುತ್ತದೆ. ಹತ್ತುವುದಕ್ಕೂ ಆರುವುದಕ್ಕೂ ಅದಕ್ಕೆ ಒಂದು ಮಿಲಿಸೆಕೆಂಡ್ ಕೂಡ ಬೇಡ. ಗೇಮ್ ಆಡುವವರು ಇದಕ್ಕೆ ಮರುಳಾಗುವುದು ಅದಕ್ಕೇ. ಓಡುವ ಕಾರು ಬಾಲ ಎಳೆಯುವುದಿಲ್ಲ. ಗುಹೆ ಗುಹೆಯಂತೆಯೇ ಇರುತ್ತದೆ.

ಈ ವಿದ್ಯೆ ಬಂದು ಬಹಳ ಕಾಲವಾಯಿತು. ಅಮೆರಿಕದ ಕೊಡ್ಯಾಕ್ ಕಂಪನಿಯಲ್ಲಿದ್ದ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎಂಬಿಬ್ಬರು ಕಡಿಮೆ ವೋಲ್ಟೇಜಿನಲ್ಲಿ ಬೆಳಗುವ ತೆಳು ಪದರ ಮಾಡಿ ತೋರಿಸಿದ್ದು 1987ರಲ್ಲಿ. ಅಂಗಡಿಗೆ ಬಂದ ಮೊದಲ ಓಎಲ್‌ಇಡಿ ಟಿವಿ 2007ರ ಸೋನಿಯದು. ಬರೀ 11 ಇಂಚು. ಮೇಜಿನ ಮೇಲೆ ಮಾನಿಟರ್ ಥರ ಇಟ್ಟುಕೊಳ್ಳಬಹುದಾದ 42 ಇಂಚಿನದನ್ನು ಎಲ್‌ಜಿ ತಂದದ್ದು 2022ರಲ್ಲಿ. ಅಲ್ಲಿಂದ ಟಿವಿಗೆ ಪಿಸಿ ಜೋಡಿಸಿ ಗೇಮ್ ಆಡುವ ನಮ್ಮಂಥವರಿಗೆ ಹುಚ್ಚು ಹಿಡಿಯಿತು.

ನಮ್ಮೂರ ಪಕ್ಕದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತಿದ್ದಾರೆ. ಎಂಟು ಘಟಕ, 1720 ಮೆಗಾವ್ಯಾಟ್. ನಾಡಿನ ಎಷ್ಟೋ ಮನೆಗೆ ದೀಪ ಹಚ್ಚುವ ಜಿಲ್ಲೆ ನಮ್ಮದು. ಇಲ್ಲಿಯವನೊಬ್ಬ ಚೆನ್ನಾಗಿ ಆರುವ ದೀಪಕ್ಕೆ ಇಷ್ಟು ಹಣ ಸುರಿಯುವುದು ತಮಾಷೆಯೇ, ಅಲ್ವಾ?

ಅದಕ್ಕಿಂತ ದೊಡ್ಡ ತಮಾಷೆ ಟಿವಿ ಮನೆಗೆ ಬಂದ ಮೇಲೆ ಶುರುವಾಗುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ಒಂದೊಂದು ಗುಣವನ್ನೂ ಮೆನುವಿನೊಳಗೆ ಹುಡುಕಿ ಆಫ್ ಮಾಡುವುದೇ ಕೆಲಸ. ಮೊದಲು ಬಣ್ಣವನ್ನೆಲ್ಲ ಜೋರು ಮಾಡುವ ವಿವಿಡ್ ಮೋಡ್ ತೆಗೆಯಬೇಕು. ಅದು ಅಂಗಡಿಯ ಕಲ್ಲಂಗಡಿಗೆ ಮಾಡಿದ್ದು, ಮನೆಗಲ್ಲ. ಆಮೇಲೆ ಆ ಚಲನೆಯನ್ನು ನುಣುಪು ಮಾಡುವ ಸೌಕರ್ಯ. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಚಂದದ ಹೆಸರಿಟ್ಟಿದೆ. ಎರಡು ಚಿತ್ರಗಳ ನಡುವೆ ಟಿವಿ ತಾನೇ ಒಂದು ಚಿತ್ರ ಕಲ್ಪಿಸಿ ಸೇರಿಸುತ್ತದೆ. ನಡುವಿನದನ್ನು ಕಲ್ಪಿಸಬೇಕಾದರೆ ಮುಂದಿನ ಚಿತ್ರ ಬರುವ ತನಕ ಕಾಯಬೇಕಲ್ಲ? ಅಷ್ಟರಲ್ಲಿ ಗೇಮಿನಲ್ಲಿ ನೀವು ಸತ್ತಿರುತ್ತೀರಿ. ನೀವು ಬಟನ್ ಒತ್ತಿದ್ದು ಸರಿಯಾದ ಹೊತ್ತಿಗೇ, ಟಿವಿ ತೋರಿಸಿದ್ದು ತಡವಾಗಿ. ಗೇಮ್ ಮೋಡ್ ಹಾಕಿದರೆ ಇಂಥ ಉಪಕಾರಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಆ ಮೋಡ್‌ಗೆ ‘ಏನೂ ಮಾಡಬೇಡ’ ಮೋಡ್ ಅಂತ ಹೆಸರಿಟ್ಟಿದ್ದರೂ ನಡೆಯುತ್ತಿತ್ತು.

ಕೋಣೆಯ ಬೆಳಕು ನೋಡಿ ಪರದೆಯನ್ನು ಮಂಕು ಮಾಡುವ ಸೆನ್ಸರ್ ಇದೆ, ಅದೂ ಆಫ್. ಶಾರ್ಪ್‌ನೆಸ್ ಕೆಳಗಿಳಿಸಬೇಕು. ಇಲ್ಲದಿದ್ದರೆ ಅಕ್ಷರಗಳ ಸುತ್ತ ಬಿಳಿ ಗೆರೆ ಮೂಡುತ್ತದೆ. ಇನ್ನೊಂದು ಹಳೇ ಕಾಲದ ಚಟ ಕೆಲವು ಟಿವಿಗಳಲ್ಲಿ ಇನ್ನೂ ಉಳಿದಿದೆ. ಚಿತ್ರವನ್ನು ತುಸು ಹಿಗ್ಗಿಸಿ ನಾಲ್ಕೂ ಅಂಚು ಕತ್ತರಿಸುವುದು. ಡಬ್ಬಾ ಟಿವಿ ಕಾಲದಲ್ಲಿ ಅಂಚಿನ ಕಸ ಕಾಣದಿರಲಿ ಅಂತ ಹಾಗೆ ಮಾಡುತ್ತಿದ್ದರು. ಈಗ ಅದು ವಿಂಡೋಸಿನ ಗಡಿಯಾರವನ್ನೇ ನುಂಗುತ್ತದೆ.

ಆನ್ ಮಾಡಬೇಕಾದವು ಬೆರಳೆಣಿಕೆಯಷ್ಟು. ಅವನ್ನೇ ಜನ ಮರೆಯುತ್ತಾರೆ. ಪಿಸಿ ಜೋಡಿಸಿದ ಎಚ್‌ಡಿಎಂಐ ಪೋರ್ಟಿಗೆ ಟಿವಿಯ ಮೆನುವಿನಲ್ಲಿ ‘ಪಿಸಿ’ ಅಂತಲೇ ಹೆಸರು ಕೊಡಬೇಕು. ಸುಮ್ನೆ ಹೆಸರಲ್ವಾ ಅಂತ ಬಿಡಬಾರದು. ಹಾಗೆ ಕೊಡದಿದ್ದರೆ ಕೆಲವು ಟಿವಿಗಳು ಬಣ್ಣದಲ್ಲಿ ಜಿಪುಣತನ ಮಾಡುತ್ತವೆ. ಒಂದು ಚುಕ್ಕೆಯ ಬಣ್ಣವನ್ನು ಅಕ್ಕಪಕ್ಕದವಕ್ಕೂ ಹಂಚುತ್ತವೆ. ಸಿನಿಮಾದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಬಂದಾಗ ಮಾತ್ರ ಬಣ್ಣ ಬಿಟ್ಟ ಲುಂಗಿಯ ಅಂಚಿನಂತೆ ಹರಡಿಕೊಳ್ಳುತ್ತದೆ.

ಇನ್ನು ಕೇಬಲ್. ಸೆಟ್‌ಟಾಪ್ ಬಾಕ್ಸಿನ ಜತೆ ಬಂದು ಮನೆಯಲ್ಲಿ ಬಿದ್ದಿದ್ದನ್ನೇ ಚುಚ್ಚುವುದು ನಮ್ಮ ಪದ್ಧತಿ. ಎಚ್‌ಡಿಎಂಐ 2.0 ಮಟ್ಟದ ಕೇಬಲಿನಲ್ಲಿ ಸೆಕೆಂಡಿಗೆ 18 ಗಿಗಾಬಿಟ್ ಹರಿಯುತ್ತದೆ. 4ಕೆಯಲ್ಲಿ ಸೆಕೆಂಡಿಗೆ 60 ಚಿತ್ರ ತೋರಿಸಲು ಅಷ್ಟು ಸಾಕು, 120ಕ್ಕೆ ಸಾಲದು. ಅದಕ್ಕೆ 48 ಗಿಗಾಬಿಟ್ ಹೊರುವ, ‘ಅಲ್ಟ್ರಾ ಹೈ ಸ್ಪೀಡ್’ ಅಂತ ಬರೆದಿರುವ ಕೇಬಲ್ ಬೇಕು. ಟಿವಿಯ ಪೋರ್ಟೂ ಎಚ್‌ಡಿಎಂಐ 2.1 ಇರಬೇಕು. ಕೆಲವು ಟಿವಿಗಳಲ್ಲಿ ನಾಲ್ಕರಲ್ಲಿ ಎರಡೇ ಹಾಗಿರುತ್ತವೆ, ಅವು ಯಾವುವು ಅಂತ ಹಿಂದೆ ಬಗ್ಗಿ ನೋಡಬೇಕು.

ಇಷ್ಟು ಮಾಡಿಯೂ ವಿಂಡೋಸ್ ತನ್ನ ಪಾಡಿಗೆ ತಾನು 60ರಲ್ಲೇ ಕೂತಿರಬಹುದು. ಡಿಸ್‌ಪ್ಲೇ ಸೆಟ್ಟಿಂಗಿನ ಒಳಗಿನ ಪುಟಕ್ಕೆ ಹೋಗಿ ನಾವೇ 120 ಅಂತ ಆರಿಸಬೇಕು. 60ರಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ 16.7 ಮಿಲಿಸೆಕೆಂಡ್, 120ರಲ್ಲಿ 8.3. ಲೆಕ್ಕದಲ್ಲಿ ಏನೂ ಅಲ್ಲ. ಕೈಗೆ ಮಾತ್ರ ಗೊತ್ತಾಗುತ್ತದೆ. ಮೌಸ್ ಅಲ್ಲಾಡಿಸಿದ ತಕ್ಷಣ ಗೊತ್ತಾಗುತ್ತದೆ. ದುಬಾರಿ ಟಿವಿ ತಂದು ವರ್ಷಗಟ್ಟಲೆ 60ರಲ್ಲೇ ಆಡಿ ‘ಹಿಂಗ ಇರ್ತದೇನೋ’ ಅಂದುಕೊಂಡವರೂ ಇದ್ದಾರೆ. ಬೆಳಕು ಕತ್ತಲೆಯ ಅಂತರ ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಂಡೋಸ್ 11ರಲ್ಲಿ ಅದನ್ನು ಹೊಂದಿಸಲು ಮೈಕ್ರೋಸಾಫ್ಟಿನದೇ ಒಂದು ಆ್ಯಪ್ ಇದೆ, ಒಮ್ಮೆ ಮಾಡಿ ಮುಗಿಸಿ. ವಿಂಡೋಸ್ ಕೀ, ಆಲ್ಟ್, ಬಿ ಮೂರನ್ನೂ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. ಗೇಮಿಗೆ ಇರಲಿ, ಬಾಕಿ ಹೊತ್ತು ಬೇಡ.

ನನಗೆ ಇದರಲ್ಲಿ ಒಂದೇ ತಕರಾರು, ಓದುವುದರ ಬಗ್ಗೆ. ಒಂದು ಚುಕ್ಕೆಯೊಳಗೆ ಕೆಂಪು, ಹಸಿರು, ನೀಲಿ ಸಾಲಾಗಿ ಇವೆ ಅಂತ ನಂಬಿ ವಿಂಡೋಸ್ ಅಕ್ಷರ ಬಿಡಿಸುತ್ತದೆ. ಎಲ್‌ಜಿಯ ಪರದೆಗಳಲ್ಲಿ ಇವುಗಳ ಜತೆ ಬಿಳಿಯೂ ಒಂದು ಸೇರಿ ನಾಲ್ಕಾಗಿದೆ, ಸಾಲೂ ಬೇರೆ. ಅದರಿಂದ ಅಕ್ಷರದ ಅಂಚಿನಲ್ಲಿ ಸಣ್ಣಗೆ ಬಣ್ಣ ಮೂಡುತ್ತದೆ. ಇಂಗ್ಲಿಷಿನ ನೆಟ್ಟಗಿನ ಅಕ್ಷರಗಳು ಹೇಗೋ ಬಚಾವಾಗುತ್ತವೆ. ನಮ್ಮವು ಸುರುಳಿ ಸುತ್ತಿ, ತಲೆಕಟ್ಟು ಹೊತ್ತು, ಕೆಳಗೊಂದು ಒತ್ತು ನೇತುಹಾಕಿಕೊಂಡು ಬರುತ್ತವೆ. ‘ರಾಷ್ಟ್ರೀಯ’ ಅನ್ನುವ ಪದ ಸಣ್ಣ ಸೈಜಿನಲ್ಲಿ ನೋಡಿ, ಯಾವ ಒತ್ತು ಎಲ್ಲಿದೆ ಅಂತ ಹುಡುಕಬೇಕು. ವಿಂಡೋಸಿನಲ್ಲಿ ಅಕ್ಷರದ ಅಳತೆಯನ್ನು 150 ಪರ್ಸೆಂಟಿಗೋ 200ಕ್ಕೋ ಏರಿಸಿ ತುಸು ಹಿಂದೆ ಸರಿದು ಕೂತರೆ ಸರಿಹೋಗುತ್ತದೆ. ಹಿಂದೆ ಸರಿದ ಮೇಲೆ ಮೌಸ್ ಎಲ್ಲಿಡುವುದು? ಮಕ್ಕಳ ಪರೀಕ್ಷೆಯ ರಟ್ಟಿನ ಪ್ಯಾಡ್ ತೊಡೆಯ ಮೇಲೆ ಇಟ್ಟುಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ಸಾವಿರಾರು ರೂಪಾಯಿಗೆ ಮಾರುವ ಹಲಗೆಗಿಂತ ಅದು ಹಗುರ. ಕ್ಲಿಪ್ ಇರುವ ಕಡೆ ಮಾತ್ರ ಮೌಸ್ ಡಿಕ್ಕಿ ಹೊಡೆಯುತ್ತದೆ.

ಓಎಲ್‌ಇಡಿಯ ‘ಓ’ ಅಂದರೆ ಆರ್ಗ್ಯಾನಿಕ್. ಉರಿದಷ್ಟೂ ಸವೆಯುವ ರಾಸಾಯನಿಕ. ಒಂದೇ ಜಾಗದಲ್ಲಿ ಒಂದೇ ಚಿತ್ರ ತಿಂಗಳುಗಟ್ಟಲೆ ನಿಂತರೆ ಆ ಜಾಗದ ಚುಕ್ಕೆಗಳು ಬೇರೆಯವಕ್ಕಿಂತ ಬೇಗ ಮುಪ್ಪಾಗುತ್ತವೆ. ಆಮೇಲೆ ಯಾವ ಚಿತ್ರ ಬಂದರೂ ಅದರ ಮೇಲೆ ಹಳೆಯ ಕಲೆ ಕಾಣುತ್ತದೆ. ಆದ್ದರಿಂದ ವಿಂಡೋಸಿನ ಟಾಸ್ಕ್‌ಬಾರ್ ಅಡಗಿಸಿ, ಡೆಸ್ಕ್‌ಟಾಪ್ ಖಾಲಿ ಮಾಡಿ, ಗೋಡೆಚಿತ್ರ ತೆಗೆದು ಬರೀ ಕಪ್ಪು ಹಾಕಿ. ಮತ್ತೆ ತೆಗೆಯುವುದೇ ನೋಡಿ. ಗೇಮಿನ ಮೂಲೆಯ ನಕ್ಷೆ, ಕೆಳಗಿನ ಆಯಸ್ಸಿನ ಪಟ್ಟಿಗಳನ್ನು ಮಂದ ಮಾಡುವ ಸೌಕರ್ಯ ಅನೇಕ ಗೇಮುಗಳಲ್ಲಿದೆ.

ಇದೆಲ್ಲ ನನ್ನ ಕೈಯಲ್ಲಿದೆ. ಅವ್ವನ ನ್ಯೂಸ್ ಚಾನೆಲ್ ನನ್ನ ಕೈಯಲ್ಲಿಲ್ಲ. ಕೆಳಗೆ ದಪ್ಪ ಕೆಂಪು ಪಟ್ಟಿ, ಅದರ ಮೇಲೆ ಹಳದಿ ಪಟ್ಟಿ, ಮೂಲೆಯಲ್ಲಿ ಮುದ್ರೆ, ಇನ್ನೊಂದು ಮೂಲೆಯಲ್ಲಿ ಗಡಿಯಾರ. ಓಎಲ್‌ಇಡಿಯನ್ನು ಹಾಳು ಮಾಡಲೆಂದೇ ಕೂತು ಬಿಡಿಸಿದರೂ ಇಷ್ಟು ಚೆನ್ನಾಗಿ ಬರಲಿಕ್ಕಿಲ್ಲ. ಕೊನೆಗೆ ಒಪ್ಪಂದವಾಯಿತು. ನ್ಯೂಸ್ ಪಡಸಾಲೆಯ ಹಳೇ ಟಿವಿಯಲ್ಲಿ, ಧಾರಾವಾಹಿ ಬೇಕಾದರೆ ಇದರಲ್ಲಿ. ‘ಇದರಾಗ ಬಂಗಾರ ಭಾರಿ ಹೊಳೀತದ ಬಿಡು’ ಅಂತ ಅವ್ವನೂ ಒಪ್ಪಿಕೊಂಡಿದ್ದಾಳೆ. ಅದು ಸರಿಯಾದ ವಿಮರ್ಶೆಯೇ. ಅತ್ತೆಯ ಕೊರಳಿನ ಸರ ಹೊಳೆಯುವುದು ಅದರ ಪಕ್ಕದ ಚುಕ್ಕೆಗಳು ಆರಿರುವುದರಿಂದ.

ಇಂಥ ಟಿವಿಗೆ ಕತ್ತಲೆ ಕೋಣೆ ಬೇಕು ಅಂತ ಎಲ್ಲರೂ ಹೇಳುತ್ತಾರೆ. ರಾಯಚೂರಿನಲ್ಲಿ ಕತ್ತಲೆ ಎಲ್ಲಿಂದ ತರುವುದು ಅನ್ನುತ್ತೀರಾ? ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಂದು ನೋಡಿ. ಬಿಸಿಲು 40 ಡಿಗ್ರಿ ದಾಟಿದ ಮೇಲೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಪಡುವಣ ಕಿಟಕಿಗೆ ಹಳೇ ಕೌದಿ ಇಳಿಬಿಡುತ್ತೇವೆ. ಮಟಮಟ ಮಧ್ಯಾಹ್ನ ಒಳಗೆ ರಾತ್ರಿ. ಓಎಲ್‌ಇಡಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ ಅಂತ ನನ್ನ ಅಭಿಪ್ರಾಯ. ಒಂದೇ ಕಷ್ಟವೆಂದರೆ ಅದೇ ಕತ್ತಲೆಯಲ್ಲಿ ಪಿಸಿಯೂ ಕೂತು ಬಿಸಿ ಗಾಳಿ ಊದುತ್ತಿರುತ್ತದೆ. ಕೂಲರಿಗೂ ಅದಕ್ಕೂ ಪೈಪೋಟಿ. ಕರೆಂಟ್ ಹೋದರೆ ಇನ್ವರ್ಟರ್ ಇದೆ. ಅದರ ಹಿಂದೆ ‘ಯುಪಿಎಸ್ ಮೋಡ್’ ಅನ್ನುವ ಸಣ್ಣ ಸ್ವಿಚ್ ಇದ್ದರೆ ಅದನ್ನು ಹಾಕಿಡಿ. ಬದಲಾವಣೆ ಬೇಗ ಆಗುತ್ತದೆ, ಪಿಸಿ ಬಂದ್ ಬೀಳುವುದು ತಪ್ಪುತ್ತದೆ.

ಹೀಗೆ ಎಲ್ಲವನ್ನೂ ಆಫ್ ಮಾಡಿದ ಮೇಲೆ, ಯಾವತ್ತೂ ಆಫ್ ಮಾಡಬಾರದ್ದು ಒಂದೇ ಒಂದು ಉಳಿಯುತ್ತದೆ. ಗೋಡೆಯ ಬೋರ್ಡಿನ ಬಟನ್. ಎಲ್‌ಜಿಯಂಥ ಟಿವಿಗಳಲ್ಲಿ ಒಟ್ಟು 4 ತಾಸಿನಷ್ಟು ನೋಡಿ ರಿಮೋಟಿನಿಂದ ಬಂದ್ ಮಾಡಿದ ಮೇಲೆ, ಟಿವಿ ಒಳಗೊಳಗೇ ಚುಕ್ಕೆಗಳನ್ನು ಪರೀಕ್ಷಿಸಿ ಸವೆತವನ್ನು ಸರಿದೂಗಿಸಿಕೊಳ್ಳುತ್ತದೆ. ನೋಡುವವರಿಗೆ ಏನೂ ಕಾಣದು. ಸುಮ್ಮನೆ ಮಲಗಿದಂತಿರುತ್ತದೆ. ಅದಕ್ಕೆ ಕರೆಂಟ್ ಇರಬೇಕು. ದಿನಾ ಬಟನ್ ಬಂದ್ ಮಾಡಿದರೆ ಆ ಕೆಲಸ ನಡೆಯುವುದೇ ಇಲ್ಲ.

ಬಟನ್ ಬಂದ್ ಮಾಡದೆ ಮಲಗುವ ಅವ್ವ ನಮ್ಮ ಕಡೆ ಎಲ್ಲಿದ್ದಾಳೆ? ಮನೆಯ ದೀಪಗಳನ್ನೆಲ್ಲ ಆರಿಸಿ, ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ಕೊನೆಗೆ ಈ ಬೋರ್ಡಿನ ಹತ್ತಿರ ಬರುತ್ತಾಳೆ. ಗುಡುಗು ಮಿಂಚಿನ ರಾತ್ರಿ ಅವಳೇ ಸರಿ. ಅಂಥ ದಿನ ಪ್ಲಗ್ಗನ್ನೇ ಕಿತ್ತಿಡುವುದು ಜಾಣತನ. ಬಾಕಿ ದಿನಗಳದ್ದೇ ಜಗಳ.

‘ಏ ತಮ್ಮಾ, ಟಿವಿ ಬಂದ್ ಮಾಡೀದಿ, ಕೆಂಪ ದೀಪ ಹತ್ತೇ ಅದ. ಕರೆಂಟ್ ಸುಡಂಗಿಲ್ಲೇನು?’

ಲೆಕ್ಕ ಹೇಳಿದೆ. ಇಂಥ ಟಿವಿ ಹಾಗೆ ಮಲಗಿದ್ದಾಗ ತಿನ್ನುವುದು ಅರ್ಧ ವ್ಯಾಟ್. ವರ್ಷವಿಡೀ ಹಾಗೇ ಬಿಟ್ಟರೂ ನಾಲ್ಕೂವರೆ ಯೂನಿಟ್ ದಾಟುವುದಿಲ್ಲ. ಅವ್ವ ಗೃಹಜ್ಯೋತಿಯ ಬಿಲ್ಲನ್ನು ಪ್ರತಿ ತಿಂಗಳು ಓದುವವಳು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಒಳಗಿದ್ದರೂ ನಮ್ಮ ಹಳೇ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ತನಕವೇ ಫ್ರೀ ಅನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ನಾಲ್ಕೂವರೆ ಯೂನಿಟ್ ಅಂದಾಗ ಅವಳ ಮುಖ ಸಡಿಲವಾಯಿತು. ‘ಅಷ್ಟೇನು? ಇರ್ಲಿ ಬಿಡು’ ಅಂದಳು. ಬಟನ್ನಿನ ಮೇಲಿದ್ದ ಕೈ ತೆಗೆದಳು. ಆಮೇಲೆ ಮೇಜಿನ ಕೆಳಗೆ ನೀಲಿ ಹಸಿರು ದೀಪ ಮಿಣುಕಿಸುತ್ತಿದ್ದ ಪಿಸಿಯ ಕಡೆ ತಿರುಗಿದಳು.

‘ಮತ್ತ ಈ ಡಬ್ಬಿ? ಇದು ಎಷ್ಟು ತಿಂತದ?’

ಗೇಮ್ ಆಡುವಾಗ ಟಿವಿ ಪಿಸಿ ಎರಡೂ ಸೇರಿ 500 ವ್ಯಾಟ್ ಅಂತಿಟ್ಟುಕೊಳ್ಳಿ. ದಿನಕ್ಕೆ 3 ತಾಸು ಆಡಿದರೆ ತಿಂಗಳಿಗೆ 45 ಯೂನಿಟ್. ಇದನ್ನು ನಿಮಗೆ ಹೇಳಿದ್ದೇನೆ. ಅವ್ವನಿಗೆ ‘ಅದನ್ನ ಬೇಕಾದ್ರ ಬಂದ್ ಮಾಡು’ ಅಂತಷ್ಟೇ ಹೇಳಿದೆ.