ಪೆಟ್ಟಾದ ಹಕ್ಕಿಯ ಬಾಯಿಗೆ ದಯವಿಟ್ಟು ನೀರು ಬಿಡಬೇಡಿ

ಕಳೆದ ವಾರ ನಮ್ಮ ಬೀದಿಯ ಹುಡುಗಿಯೊಬ್ಬಳು ಅಳುತ್ತಾ ಬಂದಳು. ಅಂಗೈಯಲ್ಲಿ ಹಳದಿ ಬಡ್ಜಿ, ನಮ್ಮಲ್ಲಿ ಎಲ್ಲರೂ ಲವ್ ಬರ್ಡ್ಸ್ ಎಂದು ಕರೆಯುತ್ತಾರಲ್ಲ, ಅದು. ಪಂಜರದಿಂದ ಹೊರಬಿಟ್ಟಾಗ ಫ್ಯಾನ್ ರೆಕ್ಕೆ ಬಡಿದಿತ್ತು. "ಆಂಟಿ, ಚಮಚದಲ್ಲಿ ನೀರು ಕುಡಿಸಿದೆ, ಆದರೂ ಕಣ್ಣು ಬಿಡುತ್ತಿಲ್ಲ" ಎಂದಳು. ಹಕ್ಕಿ ಆಗಲೇ ಹೋಗಿತ್ತು. ಮೂಗಿನ ತೂತಿನ ಮೇಲೆ ನೀರಿನ ಸಣ್ಣ ಗುಳ್ಳೆಯೊಂದು ಒಡೆಯದೆ ನಿಂತಿತ್ತು.

ಆ ಮಗುವಿಗೆ ನಾನೇನೂ ಹೇಳಲಿಲ್ಲ. ದೊಡ್ಡವರಾದ ನಿಮಗೆ ಹೇಳುತ್ತಿದ್ದೇನೆ.

ಕೊನೆಯುಸಿರೆಳೆಯುವವರ ಬಾಯಿಗೂ ತುಳಸಿ ನೀರು ಬಿಡುವ ಮಂದಿ ನಾವು. ಯಾರು ಬಿದ್ದರೂ ಮೊದಲು ನೀರು ತನ್ನಿ ಎನ್ನುತ್ತೇವೆ. ಆದರೆ ಹಕ್ಕಿಯ ಶ್ವಾಸನಾಳದ ಬಾಯಿ ಇರುವುದು ನಾಲಿಗೆಯ ಬುಡದಲ್ಲೇ. ಪ್ರಜ್ಞೆ ಸರಿಯಿಲ್ಲದ ಹಕ್ಕಿಗೆ ನೀರು ಬಿಟ್ಟರೆ ಅದು ನೇರ ಉಸಿರಿನ ದಾರಿ ಹಿಡಿಯಬಹುದು. ಫ್ಯಾನ್ ಏಟಿನಿಂದ ಬದುಕಬಹುದಾಗಿದ್ದ ಜೀವ ನಮ್ಮ ಅಕ್ಕರೆಯಿಂದ ಹೋಗುತ್ತದೆ.

ಹಿಡಿಯುವ ರೀತಿಯೂ ಹಾಗೆಯೇ. ಎದೆ ಹೊಟ್ಟೆಗಳ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯುವಿನ ಪರದೆ, ಅಂದರೆ ವಪೆ, ಹಕ್ಕಿಗೆ ನಮ್ಮಂತೆ ಇಲ್ಲ. ಎದೆಯ ಮೂಳೆ ಹೊರಗೂ ಒಳಗೂ ಆಡಿದರೆ ಮಾತ್ರ ಉಸಿರು. ಹಾರಿಹೋದೀತೆಂದು ಮುಷ್ಟಿಯಲ್ಲಿ ಬಿಗಿಹಿಡಿದರೆ, ಮೂಗು ತೆರೆದಿದ್ದರೂ ಉಸಿರು ಕಟ್ಟುತ್ತದೆ. ತೆಳ್ಳಗಿನ ಟವೆಲ್‌ನಲ್ಲಿ ಸಡಿಲವಾಗಿ ಸುತ್ತಿ, ಎದೆಯ ಮೇಲೆ ಒತ್ತಡ ಬೀಳದಂತೆ ಎತ್ತಿಕೊಳ್ಳಿ.

ಹಾಗಾದರೆ ಮಾಡಬೇಕಾದದ್ದೇನು? ಬೆಚ್ಚಗೆ, ಕತ್ತಲೆಯಲ್ಲಿ, ಸದ್ದಿಲ್ಲದೆ ಇಡುವುದು. ತೂತು ಮಾಡಿದ ಶೂ ಡಬ್ಬಿ ಸಾಕು. ತಳಕ್ಕೆ ಹತ್ತಿ ಬಟ್ಟೆ, ಒಂದು ಬದಿಗೆ ಮಾತ್ರ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಶಾಖ ಹೆಚ್ಚಾದರೆ ಹಕ್ಕಿ ಇನ್ನೊಂದು ಬದಿಗೆ ಸರಿಯಲು ಜಾಗವಿರಬೇಕು. ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಯಿಂದ ಅಗಲಿಸಿ ಏದುಸಿರು ಬಿಡುತ್ತಿದ್ದರೆ ಬಿಸಿ ಹೆಚ್ಚಾಗಿರಬಹುದು, ಬಾಟಲಿ ತೆಗೆಯಿರಿ. ಪದೇ ಪದೇ ಮುಚ್ಚಳ ತೆರೆದು ನೋಡಬೇಡಿ. ನಮ್ಮ ಮುಖ ನಮಗೆ ಪ್ರೀತಿಯ ಮುಖ. ಪೆಟ್ಟು ತಿಂದ ಹಕ್ಕಿಗೆ ಅದು ದೊಡ್ಡ ಪ್ರಾಣಿಯ ಮುಖ.

ರಕ್ತದ ವಿಷಯ ನಾನು ಕಲಿತದ್ದು ನಮ್ಮ ಮನೆಯ ಕಾಕಟೀಲ್ ಎಂಬ ಜುಟ್ಟಿನ ಪುಟ್ಟ ಗಿಳಿಯಿಂದ. ಒಂದು ರಾತ್ರಿ ಯಾವುದೋ ಸದ್ದಿಗೆ ಬೆಚ್ಚಿ ಪಂಜರದೊಳಗೇ ಬಡಿದಾಡಿತು. ದೀಪ ಹಾಕಿದರೆ ಗೋಡೆಯ ಮೇಲೆಲ್ಲ ರಕ್ತದ ಚುಕ್ಕಿಗಳು. ಆಗತಾನೇ ಮೂಡುತ್ತಿದ್ದ ರೆಕ್ಕೆಯ ಗರಿಯೊಂದು ಮುರಿದಿತ್ತು; ಅಂಥ ಎಳೆಯ ಗರಿಯ ದಂಟಿನೊಳಗೆ ರಕ್ತ ಹರಿಯುತ್ತಿರುತ್ತದೆ. ಅಮ್ಮ ಅರಿಶಿನ, ಕೊಬ್ಬರಿ ಎಣ್ಣೆ ಹಿಡಿದು ಓಡಿ ಬಂದರು. ಬೇಡವೆಂದೆ. ಎಣ್ಣೆ ತಾಗಿದ ಗರಿ ಅಂಟಿಕೊಂಡು ಮೈಯ ಬಿಸಿಯನ್ನು ಹಿಡಿದಿಡುವುದಿಲ್ಲ. ಶುದ್ಧ ಹತ್ತಿಬಟ್ಟೆಯ ತುಂಡನ್ನು ಗರಿಯ ಬುಡಕ್ಕೆ ಒತ್ತಿಹಿಡಿದು ಗಡಿಯಾರ ನೋಡುತ್ತಾ ಐದು ನಿಮಿಷ ಕುಳಿತೆ, ನಡುವೆ ಒಮ್ಮೆಯೂ ಎತ್ತಿ ನೋಡಲಿಲ್ಲ. ನಿಂತಿತು. ಉಗುರು ಕತ್ತರಿಸುವಾಗ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿದರೂ ಆಗುತ್ತದೆ. 30 ಗ್ರಾಂ ತೂಕದ ಬಡ್ಜಿಯ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 3 ಮಿಲಿಲೀಟರ್, ಒಂದು ಟೀ ಚಮಚವೂ ತುಂಬದು. ಹತ್ತಾರು ಹನಿ ಅದಕ್ಕೆ ಅಲ್ಪವಲ್ಲ.

ಬೆಕ್ಕು ಬಾಯಿ ಹಾಕಿದ್ದರೆ ಗಾಯ ಕಾಣದಿದ್ದರೂ ಅದೇ ದಿನ ವೈದ್ಯರ ಬಳಿಗೆ ಒಯ್ಯಿರಿ. ಬೆಕ್ಕಿನ ಜೊಲ್ಲಿನ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಹಕ್ಕಿಯನ್ನು ಕೊಲ್ಲಬಲ್ಲದು, ಆಂಟಿಬಯೋಟಿಕ್ ಬೇಕೇ ಬೇಕು. ನಾನ್‌ಸ್ಟಿಕ್ ಬಾಣಲೆ ಸೀದ ಹೊಗೆ ಹಕ್ಕಿಗೆ ವಿಷ, ಅದಕ್ಕೆ ಮನೆಮದ್ದೇ ಇಲ್ಲ. ಹಕ್ಕಿಯನ್ನು ತಕ್ಷಣ ಹೊರಗಿನ ಗಾಳಿಗೆ ಒಯ್ದು ಆಸ್ಪತ್ರೆಗೆ ಓಡಬೇಕು. ನಮ್ಮ ಮಾತ್ರೆಗಳನ್ನಂತೂ ಪುಡಿಮಾಡಿ ಕೊಡಲೇಬೇಡಿ.

ಕಾಕಟೀಲ್ ಅನ್ನು ಮರುದಿನ ಒಯ್ದಾಗ ಮೊದಲ ಆಸ್ಪತ್ರೆಯಲ್ಲಿ "ನಾಯಿ, ಬೆಕ್ಕು ಮಾತ್ರ" ಎಂದು ಬಾಗಿಲಲ್ಲೇ ಕಳುಹಿಸಿದರು. ಎರಡನೆಯದರಲ್ಲೂ ಅದೇ ಮಾತು. ಅದಕ್ಕೇ ಹೇಳುತ್ತೇನೆ, ನಿಮ್ಮ ಊರಿನಲ್ಲಿ ಹಕ್ಕಿ ನೋಡುವ ವೈದ್ಯರು ಯಾರೆಂದು ಇವತ್ತೇ ಕೇಳಿ ನಂಬರ್ ಬರೆದಿಡಿ. ಹಕ್ಕಿ ಮಾರುವ ಅಂಗಡಿಯವರು ಪಂಜರದ ಜೊತೆ ಈ ಒಂದು ನಂಬರನ್ನಾದರೂ ಕೊಡಬಾರದೇ? ನನಗೆ ಸಿಟ್ಟು ಬರುವುದು ಇಲ್ಲಿ.

ಆ ಹುಡುಗಿಯ ಮನೆಯಲ್ಲಿ ಜೋಡಿಯ ಇನ್ನೊಂದು ಬಡ್ಜಿ ಉಳಿದಿದೆ. ನಿನ್ನೆ ಹೋಗಿ ಡಬ್ಬಿಯೊಂದನ್ನು ಸಿದ್ಧಮಾಡಿ ಕೊಟ್ಟು ಬಂದೆ. ಹಾಲ್‌ನ ಫ್ಯಾನ್ ಸ್ವಿಚ್ಚಿನ ಮೇಲೆ ಅವಳೇ ಪೆನ್ಸಿಲ್‌ನಲ್ಲಿ ಬರೆದು ಚೀಟಿ ಅಂಟಿಸಿದ್ದಾಳೆ: "ಹಕ್ಕಿ ಹೊರಗಿದೆ, ಹಾಕಬೇಡಿ."