ಅಡ್ರೆಸ್ ಅಂದರೆ ರ‍್ಯಾಮ್ ಅಷ್ಟೇ ಅಲ್ಲ

ಆಪರೇಟಿಂಗ್ ಸಿಸ್ಟಮ್ ಕಲಿಸುವವರಲ್ಲಿ ನನ್ನದೊಂದು ಮನವಿ. ಮೆಮೊರಿ ಪಾಠವನ್ನು ಪೇಜಿಂಗ್‌ನಿಂದ (ಮೆಮೊರಿಯನ್ನು ಸಮಾನ ತುಂಡುಗಳಾಗಿ ನಿರ್ವಹಿಸುವ ವಿಧಾನ) ಶುರು ಮಾಡಬೇಡಿ. ಮೊದಲು ಒಂದು ಲಿನಕ್ಸ್ ಮಷೀನಿನಲ್ಲಿ, ಯಾವ ಅಡ್ರೆಸ್ ಯಾರ ಪಾಲಿಗೆ ಅಂತ ಪಟ್ಟಿ ಮಾಡುವ /ಪ್ರಾಕ್/ಐಓಮೆಮ್ (/proc/iomem) ಫೈಲನ್ನು ತೆರೆದು ತೋರಿಸಿ. ರೂಟ್ (ಪೂರ್ಣ ಅಧಿಕಾರವಿರುವ ಬಳಕೆದಾರ) ಆಗಿಯೇ ತೆರೆಯಿರಿ, ಇಲ್ಲದಿದ್ದರೆ ಅಡ್ರೆಸ್‌ಗಳ ಜಾಗದಲ್ಲಿ ಬರೀ ಸೊನ್ನೆ ಕಾಣಿಸುತ್ತೆ.

ಆ ಪಟ್ಟಿಯಲ್ಲಿ ಸಿಸ್ಟಮ್ ರ‍್ಯಾಮ್ ಇದೆ. ಅದರ ಜೊತೆಗೇ ಗ್ರಾಫಿಕ್ಸ್ ಕಾರ್ಡ್, ಯುಎಸ್‌ಬಿ ಕಂಟ್ರೋಲರ್, ಟೈಮರ್ ಎಲ್ಲವೂ ಇವೆ. ಸಿಪಿಯು ಒಂದು ಅಡ್ರೆಸ್‌ಗೆ ಬರೆದದ್ದು ರ‍್ಯಾಮ್‌ಗೇ ಹೋಗಬೇಕು ಅಂತೇನಿಲ್ಲ, ನೆಟ್‌ವರ್ಕ್ ಕಾರ್ಡಿನ ರಿಜಿಸ್ಟರ್‌ಗೂ (ಡಿವೈಸ್‌ನೊಳಗಿನ ಪುಟ್ಟ ಸಂಗ್ರಹ ಜಾಗ) ಹೋಗಬಹುದು. ಇದನ್ನು ಕಣ್ಣಾರೆ ನೋಡದೆ, ಡಿವೈಸ್‌ಗಳನ್ನು ನಡೆಸುವ ಡ್ರೈವರ್ ಕೋಡ್ ಓದಿದರೆ ತಲೆಬುಡ ಗೊತ್ತಾಗುವುದಿಲ್ಲ.

ಇನ್ನು ಯಾವ ಡಿವೈಸ್‌ಗೆ ಎಷ್ಟು ಜಾಗ ಬೇಕು ಅಂತ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಹೇಗೆ ಗೊತ್ತಾಗುತ್ತೆ? ನನಗೆ ತುಂಬಾ ಇಷ್ಟವಾದ ಭಾಗವೇ ಇದು. ಸಾಮಾನ್ಯ ಪಿಸಿಐ (ಕಾರ್ಡುಗಳನ್ನು ಕಂಪ್ಯೂಟರಿಗೆ ಜೋಡಿಸುವ ವ್ಯವಸ್ಥೆ) ಡಿವೈಸ್‌ನಲ್ಲಿ, ಅದರ ಜಾಗ ಯಾವ ಅಡ್ರೆಸ್‌ನಿಂದ ಶುರು ಅಂತ ಹಿಡಿದಿಡುವ 6 ಬೇಸ್ ಅಡ್ರೆಸ್ ರಿಜಿಸ್ಟರ್‌ಗಳಿರುತ್ತವೆ, ಎಲ್ಲರೂ 'ಬಾರ್' ಅಂತಾರೆ. ಕರ್ನಲ್ ಮೊದಲು ಬಾರ್‌ನಲ್ಲಿರುವ ಹಳೆಯ ಬೆಲೆಯನ್ನು ತೆಗೆದಿಟ್ಟುಕೊಳ್ಳುತ್ತೆ. ಆಮೇಲೆ ಅದರ 32 ಬಿಟ್‌ಗೂ 1 ಬರೆದು, ಮತ್ತೆ ಓದುತ್ತೆ. ಡಿವೈಸ್ ಕೆಲವು ಬಿಟ್‌ಗಳನ್ನು ಬದಲಾಯಿಸಲು ಬಿಡುವುದೇ ಇಲ್ಲ. ಕೆಳಗಿನ 4 ಬಿಟ್ ಗುರುತಿಗಾಗಿ ಇರುವಂಥವು, ಅವನ್ನು ಸೊನ್ನೆ ಅಂತಲೇ ಹಿಡಿಯಬೇಕು. ಹಾಗೆ ನೋಡಿದಾಗ ಕೆಳಗಿನ 20 ಬಿಟ್ ಸೊನ್ನೆ ಬಂದರೆ, ಆ ಡಿವೈಸ್‌ಗೆ 1 ಎಂಬಿ (2ರ 20ನೇ ಘಾತದಷ್ಟು ಬೈಟ್) ಬೇಕು ಅಂತ ಅರ್ಥ. ಸೈಜ್ ಹೇಳಲು ಬೇರೆ ರಿಜಿಸ್ಟರೇ ಬೇಡ! ಎಷ್ಟು ಚೆಂದದ ವಿನ್ಯಾಸ ಅಲ್ವಾ?

ಸೈಜ್ ಗೊತ್ತಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 256 ಎಂಬಿ ಬಾರ್ ಅನ್ನು 256 ಎಂಬಿಯ ಗುಣಕದಲ್ಲೇ ಕೂರಿಸಬೇಕು. ಅದಕ್ಕೇ ಲಿನಕ್ಸ್ ದೊಡ್ಡವನ್ನು ಮೊದಲು ಕೂರಿಸಿ, ಉಳಿದ ಸಂದಿಗಳಲ್ಲಿ ಚಿಕ್ಕವನ್ನು ಸೇರಿಸುತ್ತೆ. ಪಿಸಿಗಳಲ್ಲಿ ಸಾಮಾನ್ಯವಾಗಿ ಫರ್ಮ್‌ವೇರ್ (ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಮ್) ಈ ಹಂಚಿಕೆಯನ್ನು ಮೊದಲೇ ಮಾಡಿರುತ್ತೆ. ಅದು ಸರಿಯಿದ್ದರೆ ಲಿನಕ್ಸ್ ಸುಮ್ನೆ ಒಪ್ಪಿಕೊಳ್ಳುತ್ತೆ. ಎಆರ್‌ಎಂ (ಮೊಬೈಲ್‌ಗಳಲ್ಲಿ ಇರುವಂಥ ಚಿಪ್) ಬೋರ್ಡುಗಳ ಕಥೆ ಬೇರೆ. ಚಿಪ್ಪಿನೊಳಗಿನ ಡಿವೈಸ್‌ಗಳ ಅಡ್ರೆಸ್ ಚಿಪ್ ಮಾಡುವಾಗಲೇ ನಿಗದಿಯಾಗಿರುತ್ತೆ, ಕರ್ನಲ್ ಅದನ್ನು ಡಿವೈಸ್ ಟ್ರೀ ಎಂಬ ವಿವರ ಪಟ್ಟಿಯಿಂದ ಓದಿಕೊಳ್ಳುತ್ತೆ ಅಷ್ಟೇ.

4 ಜಿಬಿ ರ‍್ಯಾಮ್ ಹಾಕಿದರೂ 32 ಬಿಟ್ ವಿಂಡೋಸ್ 3 ಜಿಬಿ ಚಿಲ್ಲರೆ ಮಾತ್ರ ತೋರಿಸುತ್ತಿದ್ದದ್ದು ನೆನಪಿದೆಯಾ? ಅಂಗಡಿಯವನು ಮೋಸ ಮಾಡಿದ ಅಂದುಕೊಂಡವರು ಎಷ್ಟೋ ಜನ. ರ‍್ಯಾಮ್ ಪೂರ್ತಿ ಇತ್ತು. ಆದರೆ ಆ ವಿಂಡೋಸ್‌ಗೆ 4 ಜಿಬಿ ಗಡಿಯ ಕೆಳಗಿನ ಅಡ್ರೆಸ್‌ಗಳು ಮಾತ್ರ ಸಿಗುತ್ತಿದ್ದವು, ಅವುಗಳಲ್ಲಿ ಕೆಲವನ್ನು ಡಿವೈಸ್‌ಗಳು ಹಿಡಿದಿದ್ದವು.

ಡ್ರೈವರ್ ಬರೆಯುವವರಿಗೆ ಇನ್ನೊಂದು ಮಾತು. ಡಿವೈಸ್‌ನ ಅಡ್ರೆಸ್ ಅನ್ನು ಕರ್ನಲ್ ಬಳಸುವಂತೆ ಮಾಡಿಕೊಡುವ ಐಓರೀಮ್ಯಾಪ್ ಫಂಕ್ಷನ್‌ನಿಂದ ಸಿಕ್ಕ ಪಾಯಿಂಟರನ್ನು ಮಾಮೂಲಿ ಪಾಯಿಂಟರ್ ತರಹ ಬಳಸಬೇಡಿ. ಡಿವೈಸ್‌ನಿಂದ ಓದುವ ರೀಡ್‌ಎಲ್, ಅದಕ್ಕೆ ಬರೆಯುವ ರೈಟ್‌ಎಲ್ ಫಂಕ್ಷನ್‌ಗಳು ಇರುವುದೇ ಅದಕ್ಕೆ. ಕೆಲವು ಸ್ಟೇಟಸ್ ರಿಜಿಸ್ಟರ್‌ಗಳು ಒಮ್ಮೆ ಓದಿದರೆ ಸಾಕು, ಅಳಿಸಿ ಹೋಗುತ್ತವೆ. ಕಂಪೈಲರ್ ಅಲ್ಲಿ ತನ್ನಿಷ್ಟಕ್ಕೆ ಒಂದು ಸಲ ಜಾಸ್ತಿ ಓದಿದರೆ, ಬಂದಿದ್ದ ಇಂಟರಪ್ಟಿನ (ಡಿವೈಸ್ ಸಿಪಿಯುಗೆ ಕಳಿಸುವ ಕರೆ) ಸುಳಿವೇ ಸಿಗುವುದಿಲ್ಲ.